ಸಕ್ಕರೆ ಕಾಯಿಲೆಯ ನಾಯಿ, ಬೆಕ್ಕು, ಕುದುರೆಗೆ ಸಿಬಿಡಿ ಎಣ್ಣೆ: ತೊಟ್ಟು ಹಾಕುವ ಮುನ್ನ

ನಾಯಿಗೆ ಸಕ್ಕರೆ ಕಾಯಿಲೆ ಎಂದು ಪಶುವೈದ್ಯರು ಹೇಳಿದ ವಾರದೊಳಗೆ ಎಷ್ಟೋ ಮನೆಗಳಿಗೆ ಎರಡು ಬಾಟಲಿ ಬಂದಿರುತ್ತವೆ. ಒಂದು ಮೆಡಿಕಲ್ ಸ್ಟೋರಿನಿಂದ ತಂದ ಇನ್ಸುಲಿನ್. ಇನ್ನೊಂದು ಫೋನಿನಲ್ಲಿ ಜಾಹೀರಾತು ನೋಡಿ ಕೊರಿಯರ್‌ನಲ್ಲಿ ತರಿಸಿದ, ಭಂಗಿ ಗಿಡದ ಅಂಶವಿರುವ ಸಿಬಿಡಿ ಎಣ್ಣೆ. ಮೊದಲನೆಯದಕ್ಕೆ ಸೂಜಿ ಬೇಕು, ದಿನಕ್ಕೆರಡು ಸಲ, ನಾಯಿ ಬದುಕಿರುವಷ್ಟು ದಿನವೂ. ಎರಡನೆಯದನ್ನು ಅನ್ನದ ಮೇಲೆ ನಾಲ್ಕು ತೊಟ್ಟು ಹಾಕಿದರೆ ಆಯಿತು. ಸೂಜಿ ಹಿಡಿದರೆ ಕೈ ನಡುಗುವ ಮನೆಯವರ ಮನಸ್ಸು ಎತ್ತ ವಾಲುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಮೈಸೂರಿನ ಬಡಾವಣೆಗಳಲ್ಲಿ ನಾಯಿ ಸಾಕಿದವರೂ, ಊರಾಚೆ ತೋಟದ ಮನೆಗಳಲ್ಲಿ ಕುದುರೆ ಕಟ್ಟಿದವರೂ ಪಶುವೈದ್ಯರ ಮುಂದೆ ಈಗ ಕೇಳುವ ಪ್ರಶ್ನೆ ಒಂದೇ: ಇದನ್ನು ಕೊಡಬಹುದೇ?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಸಕ್ಕರೆ ಕಾಯಿಲೆ ಇರುವ ನಾಯಿಯಲ್ಲಾಗಲಿ, ಬೆಕ್ಕಿನಲ್ಲಾಗಲಿ, ಕುದುರೆಯಲ್ಲಾಗಲಿ ಸಿಬಿಡಿ ಸಕ್ಕರೆ ಇಳಿಸುತ್ತದೆ ಎಂದು ತೋರಿಸಿಕೊಟ್ಟ ಚಿಕಿತ್ಸಾ ಪ್ರಯೋಗ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ ಬೇರೆಯದು. ಇನ್ಸುಲಿನ್ ಕೊಡುವ ಮನೆ ನಡೆಯುವುದೇ ಪ್ರಾಣಿಯ ನಡಿಗೆ, ಹಸಿವು, ನಿದ್ದೆ ಈ ಮೂರನ್ನು ನೋಡಿಕೊಂಡು. ಸಿಬಿಡಿ ಎಣ್ಣೆ ಕೈಹಾಕುವುದೂ ಸರಿಯಾಗಿ ಈ ಮೂರಕ್ಕೇ. ಎಣ್ಣೆಯಿಂದ ಪ್ರಾಣಿ ವಿಷವೇರಿ ಸಾಯುವುದು ಅಪರೂಪ. ಆದರೆ ಅಪಾಯದ ಸೂಚನೆ ಎಣ್ಣೆಯ ಮಬ್ಬಿನಲ್ಲಿ ಮರೆಯಾಗಿಬಿಡುವುದು ಅಪರೂಪವಲ್ಲ.

ಬಾಟಲಿಯಲ್ಲಿ ಇರುವುದೇನು

ಸಿಬಿಡಿ ಎಂದರೆ ಕ್ಯಾನಬಿಡಿಯಾಲ್. ಭಂಗಿ, ಗಾಂಜಾ ಎಂದು ನಾವು ಕರೆಯುವ ಗಿಡದಲ್ಲಿರುವ ನೂರಕ್ಕೂ ಹೆಚ್ಚು ಕ್ಯಾನಬಿನಾಯ್ಡ್‌ಗಳಲ್ಲಿ ಇದೂ ಒಂದು. ಅಮಲು ಬರಿಸುವುದು ಇದಲ್ಲ, ಟಿಎಚ್‌ಸಿ. ನಮ್ಮಲ್ಲಿ ‘ಹೆಂಪ್ ಆಯಿಲ್’ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಗೊಂದಲ ಶುರುವಾಗುವುದೇ ಇಲ್ಲಿಂದ.

ಮೊದಲನೆಯದು ಬೀಜದಿಂದ ಹಿಂಡಿದ ಎಣ್ಣೆ. 2021ರ ನವೆಂಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಇದನ್ನು ಆಹಾರ ಪದಾರ್ಥವೆಂದು ಒಪ್ಪಿಕೊಂಡಿತು. ಒಂದು ಕಿಲೋದಲ್ಲಿ ಸಿಬಿಡಿ 75 ಮಿಲಿಗ್ರಾಂ ಮೀರಬಾರದು ಎಂಬ ಮಿತಿಯನ್ನೂ ಹಾಕಿತು. ಎಳ್ಳೆಣ್ಣೆ, ಅಗಸೆ ಎಣ್ಣೆಗಳಂತೆ ಇದೂ ಒಂದು ಅಡುಗೆ ಎಣ್ಣೆ. ನಾಯಿಗಳ ಕೀಲುನೋವಿನ ಪ್ರಯೋಗಗಳಲ್ಲಿ ಬಳಸಿದಷ್ಟು ಸಿಬಿಡಿ 20 ಕಿಲೋದ ನಾಯಿಯ ಹೊಟ್ಟೆಗೆ ಹೋಗಬೇಕಾದರೆ ಈ ಎಣ್ಣೆಯನ್ನು ಒಂದು ಹೊತ್ತಿಗೆ ಅರ್ಧ ಲೀಟರಿಗೂ ಮಿಗಿಲಾಗಿ ಕುಡಿಸಬೇಕಾಗುತ್ತದೆ. ಎರಡನೆಯದು ಎಲೆಯ ಸಾರ. ಆಯುರ್ವೇದ ಔಷಧದ ಲೈಸೆನ್ಸಿನಲ್ಲಿ ‘ವಿಜಯಾ’ ಎಂಬ ಹೆಸರಿನಿಂದ ಬರುವ ಇದರಲ್ಲಿ ಸಿಬಿಡಿಯ ಜೊತೆಗೆ ಟಿಎಚ್‌ಸಿಯೂ ಇರುತ್ತದೆ. ಔಷಧ ನಿಯಮಗಳ ಇ-1 ಪಟ್ಟಿ, ಅಂದರೆ ವಿಷಕಾರಿ ಮೂಲಿಕೆಗಳ ಪಟ್ಟಿಯಲ್ಲಿ ಭಂಗಿಯ ಹೆಸರಿದೆ. ಆದ್ದರಿಂದ ವೈದ್ಯರ ಉಸ್ತುವಾರಿಯಲ್ಲೇ ತೆಗೆದುಕೊಳ್ಳಬೇಕು ಎಂಬ ಎಚ್ಚರಿಕೆ ಲೇಬಲ್ಲಿನ ಮೇಲೆ ಇರಬೇಕು. ಮೂರನೆಯದು ಸಿಬಿಡಿ ಒಂದನ್ನೇ ಬೇರ್ಪಡಿಸಿ ಬೇರೊಂದು ಎಣ್ಣೆಯಲ್ಲಿ ಕರಗಿಸಿದ್ದು, ಐಸೊಲೇಟ್ ಎನ್ನುತ್ತಾರೆ.

ಕಾನೂನಿನ ಮಾತು ಚಿಕ್ಕದಾಗಿ. 1985ರ ಮಾದಕವಸ್ತು ತಡೆ ಕಾಯ್ದೆ (ಎನ್‌ಡಿಪಿಎಸ್) ಗಾಂಜಾ ಎನ್ನುವುದು ಗಿಡದ ಹೂ, ಕಾಯಿ ಬಿಟ್ಟ ತುದಿಗೆ. ತುದಿ ಸೇರದ ಬರೀ ಎಲೆ, ಬರೀ ಬೀಜ ಆ ವ್ಯಾಖ್ಯೆಗೆ ಬರುವುದಿಲ್ಲ. ಕರ್ನಾಟಕ ಹೈಕೋರ್ಟ್ ಕೂಡ 2022ರ ಆಗಸ್ಟ್‌ನಲ್ಲಿ ಒಂದು ಜಾಮೀನು ಆದೇಶದಲ್ಲಿ ಭಂಗಿ ಬೇರೆ, ಗಾಂಜಾ ಬೇರೆ ಎಂದೇ ಹೇಳಿದೆ. ಅಷ್ಟಕ್ಕೇ ಹಿತ್ತಲಲ್ಲಿ ಗಿಡ ಬೆಳೆಸಿ, ತುಪ್ಪದಲ್ಲಿ ಕಾಯಿಸಿ ನಾಯಿಗೆ ನೆಕ್ಕಿಸಬಹುದು ಎಂದಲ್ಲ. ಲೈಸೆನ್ಸ್ ಇಲ್ಲದೆ ಗಿಡ ಬೆಳೆಸುವುದೇ ಅಪರಾಧ. ಮನೆಯಲ್ಲಿ ಕಾಯಿಸಿದ ತುಪ್ಪದಲ್ಲಿ ಟಿಎಚ್‌ಸಿ ಎಷ್ಟಿದೆ ಎಂದು ಅಳೆಯುವ ದಾರಿಯೂ ಇಲ್ಲ.

ಈ ಟಿಎಚ್‌ಸಿ ವಿಷಯದಲ್ಲಿ ನಾಯಿ ನಮ್ಮಂತಲ್ಲ. ನಡಿಗೆಯ ಸಮತೋಲ ಕಾಯುವ ಹಿಮ್ಮೆದುಳಿನ ಭಾಗದಲ್ಲಿ ಟಿಎಚ್‌ಸಿ ಹೋಗಿ ಕೂರುವ ಗ್ರಾಹಕಗಳು ನಾಯಿಗೆ ಬಹಳ ದಟ್ಟವಾಗಿವೆ. ಮನುಷ್ಯರಿಗೆ ಏನೂ ಅನ್ನಿಸದ ಪ್ರಮಾಣದಲ್ಲೇ ನಾಯಿ ತೂರಾಡುತ್ತದೆ, ನಿಂತಲ್ಲೇ ಉಚ್ಚೆ ತೊಟ್ಟಿಕ್ಕಿಸುತ್ತದೆ, ಕೈ ಮುಂದೆ ತಂದರೆ ಬೆಚ್ಚುತ್ತದೆ, ಆಮೇಲೆ ಗಂಟೆಗಟ್ಟಲೆ ಮಂಪರಿನಲ್ಲಿ ಬಿದ್ದಿರುತ್ತದೆ.

ಸಂಶೋಧನೆ ಎಲ್ಲಿಯವರೆಗೆ ಬಂದಿದೆ

ಸಿಬಿಡಿಗೂ ಸಕ್ಕರೆ ಕಾಯಿಲೆಗೂ ನಂಟು ಹಾಕುವವರು ಸಾಮಾನ್ಯವಾಗಿ ತೋರಿಸುವುದು 2006ರ ಇಸ್ರೇಲಿನ ಒಂದು ಪ್ರಯೋಗವನ್ನು. ಹುಟ್ಟಿನಿಂದಲೇ ಮಧುಮೇಹಕ್ಕೆ ತುತ್ತಾಗುವಂಥ ಒಂದು ಇಲಿ ತಳಿಗೆ ಸಿಬಿಡಿ ಚುಚ್ಚಿದಾಗ ಕಾಯಿಲೆ ಬಂದ ಇಲಿಗಳ ಪ್ರಮಾಣ ಶೇ 86ರಿಂದ ಶೇ 30ಕ್ಕೆ ಇಳಿಯಿತು. ಫಲಿತಾಂಶ ನಿಜ. ಆದರೆ ಅದು ಕಾಯಿಲೆ ಬರುವುದಕ್ಕೆ ಮುಂಚೆ ಕೊಟ್ಟದ್ದು, ಅದೂ ಹೊಟ್ಟೆಯೊಳಕ್ಕೆ ಚುಚ್ಚಿ ಕೊಟ್ಟದ್ದು. ನಮ್ಮ ನಾಯಿಗೆ ಕಾಯಿಲೆ ಪತ್ತೆಯಾಗುವ ಹೊತ್ತಿಗೆ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಬಹುಪಾಲು ನಾಶವಾಗಿರುತ್ತವೆ. ಒಲೆಯಲ್ಲಿ ಕೆಂಡವೇ ಇಲ್ಲದ ಮೇಲೆ ಊದಿ ಪ್ರಯೋಜನವಿಲ್ಲ.

ಮನುಷ್ಯರಲ್ಲಿ ಆದ ಪ್ರಯೋಗದ ಮಾತನ್ನು ಜಾಹೀರಾತುಗಳು ಎತ್ತುವುದೇ ಇಲ್ಲ. ಇನ್ಸುಲಿನ್ ತೆಗೆದುಕೊಳ್ಳದ ಟೈಪ್-2 ಮಧುಮೇಹದ 62 ಜನರನ್ನು 13 ವಾರ ಗಮನಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಸಿಬಿಡಿ ಕೊಟ್ಟವರಿಗೆ ದಿನಕ್ಕೆರಡು ಸಲ 100 ಮಿಲಿಗ್ರಾಂ. ಅವರ ಸಕ್ಕರೆಯ ಹತೋಟಿಯಲ್ಲಿ ಸುಧಾರಣೆ ಕಾಣಲಿಲ್ಲ. ಅದೇ ಗಿಡದ ಇನ್ನೊಂದು ಅಂಶವಾದ ಟಿಎಚ್‌ಸಿವಿ ಮಾತ್ರ ಬರಿಹೊಟ್ಟೆಯ ಸಕ್ಕರೆಯನ್ನು ಸ್ವಲ್ಪ ಇಳಿಸಿತು. ಗಿಡವೊಂದೇ ಆದರೂ ಅಂಶಗಳು ಬೇರೆ. ಒಂದರ ಗುಣವನ್ನು ಇನ್ನೊಂದರ ತಲೆಗೆ ಕಟ್ಟಲಾಗದು.

ನಾಯಿಗಳಲ್ಲಿ ಸಿಬಿಡಿಗೆ ಗಟ್ಟಿ ಆಧಾರ ಇರುವುದು ಬೇರೆ ಕಡೆ. 2018ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಕೀಲುನೋವಿನ ನಾಯಿಗಳಿಗೆ ದೇಹತೂಕದ ಕಿಲೋಗೆ 2 ಮಿಲಿಗ್ರಾಂನಂತೆ 12 ಗಂಟೆಗೊಮ್ಮೆ ಕೊಟ್ಟಾಗ ನೋವು ಕಡಿಮೆಯಾಯಿತು. 2019ರಲ್ಲಿ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದವರು ಮೂರ್ಛೆರೋಗದ ನಾಯಿಗಳಿಗೆ ಕಿಲೋಗೆ 2.5 ಮಿಲಿಗ್ರಾಂ ಕೊಟ್ಟು, ಫಿಟ್ಸ್ ಬರುವುದು ಕಡಿಮೆಯಾದುದನ್ನು ಕಂಡರು. ಎರಡೂ ಕಡೆ ಲಿವರಿನ ಎಎಲ್‌ಪಿ ಎಂಬ ಕಿಣ್ವ ಏರಿತು. ಸಕ್ಕರೆ ಕಾಯಿಲೆಯ ನಾಯಿಯಲ್ಲಿ ಎಎಲ್‌ಪಿ ಮೊದಲೇ ಏರಿರುವುದು ಸಾಮಾನ್ಯ. ಮುಂದಿನ ರಕ್ತಪರೀಕ್ಷೆಯಲ್ಲಿ ಅದು ಇನ್ನಷ್ಟು ಏರಿದ್ದರೆ ಕಾರಣ ಸಕ್ಕರೆಯೋ, ಎಣ್ಣೆಯೋ, ಕುಶಿಂಗ್ಸ್ ಎಂಬ ಹಾರ್ಮೋನ್ ಕಾಯಿಲೆಯೋ ಎಂದು ವೈದ್ಯರು ತಡಕಾಡಬೇಕಾಗುತ್ತದೆ. ಎಣ್ಣೆ ಕೊಡುತ್ತಿರುವುದನ್ನು ಮನೆಯವರು ಮುಚ್ಚಿಟ್ಟರೆ ತಡಕಾಟ ತಪ್ಪು ದಾರಿ ಹಿಡಿಯುತ್ತದೆ.

ಸಿಬಿಡಿಯಿಂದ ಮಾಡಿದ ಎಪಿಡಿಯೊಲೆಕ್ಸ್ ಎಂಬ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಅನುಮತಿ ಕೊಟ್ಟಿತು, ಅದು ಮನುಷ್ಯರ ಕೆಲವು ಬಗೆಯ ಮೂರ್ಛೆರೋಗಕ್ಕೆ. ಪ್ರಾಣಿಗಳಿಗೆ, ಯಾವ ಕಾಯಿಲೆಗೇ ಆಗಲಿ, ಅದು ಸಿಬಿಡಿ ಔಷಧವನ್ನು ಅನುಮೋದಿಸಿಲ್ಲ.

ಬಾಟಲಿಯ ಲೆಕ್ಕ

ಲೇಬಲ್ಲಿನ ದೊಡ್ಡ ಅಂಕಿಯನ್ನು ನಂಬುವ ಮುನ್ನ ಒಂದು ಭಾಗಾಕಾರ ಮಾಡಿ. 30 ಮಿಲಿಲೀಟರ್ ಬಾಟಲಿಯ ಮೇಲೆ 300 ಮಿಲಿಗ್ರಾಂ ಎಂದಿದ್ದರೆ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ. 20 ಕಿಲೋದ ನಾಯಿಗೆ ಕಿಲೋಗೆ 2 ಮಿಲಿಗ್ರಾಂ ಎಂದರೆ ಹೊತ್ತಿಗೆ 40 ಮಿಲಿಗ್ರಾಂ, ಅಂದರೆ 4 ಮಿಲಿಲೀಟರ್. ದಿನಕ್ಕೆರಡು ಹೊತ್ತು, 8 ಮಿಲಿಲೀಟರ್. ಬಾಟಲಿ ನಾಲ್ಕು ದಿನಕ್ಕೆ ಖಾಲಿ. ನಾಲ್ಕು ತೊಟ್ಟು ಹಾಕುತ್ತಿರುವವರು ಪ್ರಯೋಗಗಳಲ್ಲಿ ಕೊಟ್ಟದ್ದರ ಇಪ್ಪತ್ತನೇ ಒಂದು ಪಾಲನ್ನು ಕೊಡುತ್ತಿದ್ದಾರೆ. ಅದರಿಂದ ನಾಯಿ ಗೆಲುವಾಯಿತು ಅನ್ನಿಸಿದ್ದರೆ ಗೆಲುವು ಬಂದದ್ದು ಇನ್ಸುಲಿನ್‌ನಿಂದ.

ಹಾಗಾದರೆ ಪೂರ್ತಿ ಪ್ರಮಾಣವನ್ನೇ ಕೊಡೋಣ ಎನ್ನುವವರು ಇನ್ನೊಂದು ಲೆಕ್ಕ ನೋಡಬೇಕು. 8 ಮಿಲಿಲೀಟರ್ ಎಣ್ಣೆ ಎಂದರೆ ದಿನಕ್ಕೆ ಏಳು ಗ್ರಾಂಗೂ ಹೆಚ್ಚು ಕೊಬ್ಬು ಹೊಸದಾಗಿ ಸೇರಿತು. ಸಕ್ಕರೆ ಕಾಯಿಲೆಯ ನಾಯಿಗಳಲ್ಲಿ ಮೇದೋಜೀರಕದ ಉರಿಯೂತ ಒಳಗೊಳಗೇ ಇರುವುದು ಸಾಮಾನ್ಯ, ಕೊಬ್ಬು ಅದನ್ನು ಕೆರಳಿಸುತ್ತದೆ. ಆ ಉರಿಯೂತ ಕೆರಳಿದ ದಿನ ನಾಯಿ ವಾಂತಿ ಮಾಡುತ್ತದೆ, ಬೆನ್ನು ಗೂನು ಮಾಡಿಕೊಂಡು ನಿಲ್ಲುತ್ತದೆ, ಇನ್ಸುಲಿನ್ ಕೆಲಸ ಮಾಡುವುದನ್ನೇ ಬಿಟ್ಟುಬಿಡುತ್ತದೆ. ಮನುಷ್ಯರಿಗೆಂದು ತಯಾರಿಸಿದ ರುಚಿಕಟ್ಟಿನ ಎಣ್ಣೆ, ಗಮ್ಮಿಗಳಲ್ಲಿ ಸಿಹಿಗಾಗಿ ಝೈಲಿಟಾಲ್ ಹಾಕಿರಬಹುದು. ನಾಯಿಗೆ ಅದು ನೇರ ವಿಷ: ಅರ್ಧ, ಒಂದು ಗಂಟೆಯೊಳಗೆ ಸಕ್ಕರೆಯನ್ನು ಪಾತಾಳಕ್ಕಿಳಿಸುತ್ತದೆ, ಲಿವರನ್ನೂ ಕೆಡಿಸುತ್ತದೆ. ‘ಶುಗರ್ ಫ್ರೀ’ ಎಂದು ಬರೆದ ಯಾವುದನ್ನೂ ಪದಾರ್ಥಗಳ ಪಟ್ಟಿ ಓದದೆ ನಾಯಿಯ ಬಾಯಿಗೆ ಹಾಕಬಾರದು.

ಮಂಪರೋ, ಸಕ್ಕರೆ ಇಳಿದದ್ದೋ

ಬೆಳಗ್ಗೆ ಏಳಕ್ಕೆ ಊಟ, ಇನ್ಸುಲಿನ್, ಎಣ್ಣೆ. ಹನ್ನೊಂದರ ಹೊತ್ತಿಗೆ ನಾಯಿ ಹಿಂಗಾಲು ಎಳೆಯುತ್ತಾ ಬಂದು ಗೋಡೆಗೆ ಒರಗುತ್ತದೆ, ಹೆಸರು ಹಿಡಿದು ಕರೆದರೆ ಕಣ್ಣು ಅರೆ ತೆರೆಯುತ್ತದೆ. ಇದು ಎಣ್ಣೆಯಲ್ಲಿದ್ದ ಟಿಎಚ್‌ಸಿಯ ಅಮಲಾಗಿರಬಹುದು, ಸಕ್ಕರೆ 50ಕ್ಕೆ ಇಳಿದಿರಲೂಬಹುದು. ಎರಡಕ್ಕೂ ನಡಿಗೆ ಒಂದೇ, ಕಣ್ಣೂ ಒಂದೇ. ಎಣ್ಣೆ ಇಲ್ಲದ ಮನೆಯಲ್ಲಾದರೆ ಯಾರೂ ಯೋಚಿಸುತ್ತಾ ಕೂರುವುದಿಲ್ಲ, ಓಡಿಹೋಗಿ ಜೇನುತುಪ್ಪ ತರುತ್ತಾರೆ. ಎಣ್ಣೆ ಇರುವ ಮನೆಯಲ್ಲಿ ‘ಔಷಧಕ್ಕೆ ನಿದ್ದೆ ಬಂದಿದೆ, ಮಲಗಲಿ ಬಿಡಿ’ ಎನ್ನುತ್ತಾರೆ. ನಮಗೆ ಎಲ್ಲಕ್ಕಿಂತ ಹೆಚ್ಚು ಭಯ ಈ ಮಾತಿನದು. ಸಕ್ಕರೆ ಇಳಿದ ನಾಯಿಯನ್ನು ಎರಡು ಗಂಟೆ ಮಲಗಲು ಬಿಟ್ಟರೆ ಫಿಟ್ಸ್ ಬರಬಹುದು, ಏಳದೆಯೂ ಇರಬಹುದು.

ಇಂಥ ಹೊತ್ತಿನಲ್ಲಿ ಮೊದಲು ಕಿವಿಯ ಅಂಚಿಗೆ ಸೂಜಿ ಚುಚ್ಚಿ ಸಕ್ಕರೆ ನೋಡಿ. ಮೀಟರ್ ಇಲ್ಲವೆಂದರೆ ಸಕ್ಕರೆ ಇಳಿದಿದೆ ಎಂದೇ ತಿಳಿದು ನಡೆಯಿರಿ. ನುಂಗುವ ಎಚ್ಚರವಿದ್ದರೆ ಊಟ ಕೊಡಿ. ಇಲ್ಲವಾದರೆ ಒಂದು ಚಮಚ ಜೇನುತುಪ್ಪವನ್ನೋ ಗಟ್ಟಿಯಾಗಿ ಕಲಸಿದ ಗ್ಲೂಕೋಸ್ ಪುಡಿಯನ್ನೋ ಬೆರಳಿನಿಂದ ವಸಡಿಗೆ ಉಜ್ಜಿ. ಎಚ್ಚರ ತಪ್ಪಿದ ನಾಯಿಯ ಬಾಯಿಗೆ ನೀರಿನಂತಿರುವುದನ್ನು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಉಜ್ಜುತ್ತಲೇ ಆಸ್ಪತ್ರೆಗೆ ಹೊರಡಿ. ವೈದ್ಯರ ಮಾತು ಕೇಳದೆ ಸಂಜೆಯ ಇನ್ಸುಲಿನ್ ಕೊಡಬೇಡಿ.

ಹಸಿವಿನ ವಿಷಯದಲ್ಲೂ ಹೀಗೆಯೇ. ಸಿಬಿಡಿಯಿಂದ ಕೆಲವು ನಾಯಿಗಳಿಗೆ ಭೇದಿ, ವಾಂತಿ, ಊಟ ಬೇಡವಾಗುವುದು ಉಂಟು. ಇನ್ಸುಲಿನ್ ಚುಚ್ಚಿಸಿಕೊಂಡ ನಾಯಿ ಊಟ ಬಿಟ್ಟರೆ ಮುಂದಿನ ಆರು ಗಂಟೆ ಕಣ್ಣಿನಲ್ಲಿ ಕಣ್ಣಿಟ್ಟು ಕಾಯಬೇಕು. ಊಟ ಮೊದಲು, ತಟ್ಟೆ ಖಾಲಿಯಾದ ಮೇಲೆ ಸೂಜಿ ಎಂಬ ಕ್ರಮ ಇರುವುದು ಇದಕ್ಕೇ. ಅರ್ಧ ತಿಂದರೆ ಎಷ್ಟು ಡೋಸ್, ಏನೂ ತಿನ್ನದಿದ್ದರೆ ಏನು ಮಾಡಬೇಕು ಎಂಬುದನ್ನು ಚೆನ್ನಾಗಿರುವ ದಿನವೇ ವೈದ್ಯರಿಂದ ಚೀಟಿಯಲ್ಲಿ ಬರೆಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.

ನಿಜವಾಗಿ ಕೈಕೊಡುವುದು ಎಲ್ಲಿ

ಇನ್ಸುಲಿನ್ ಕೊಟ್ಟರೂ ಸಕ್ಕರೆ ಇಳಿಯುತ್ತಿಲ್ಲ ಎಂದಾಗಲೇ ಜನ ಸಿಬಿಡಿ ಹುಡುಕುವುದು. ಇಳಿಯದಿರಲು ಕಾರಣ ಬಹುಮಟ್ಟಿಗೆ ಮನೆಯಲ್ಲೇ ಸಿಗುತ್ತದೆ.

ಮೊದಲು ಸಿರಿಂಜ್ ಕೈಗೆತ್ತಿಕೊಳ್ಳಿ. ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ಇನ್ಸುಲಿನ್ ಎರಡು ಗಾಢತೆಯಲ್ಲಿ ಸಿಗುತ್ತದೆ: ಮಿಲಿಲೀಟರಿಗೆ 40 ಯೂನಿಟ್, ಮಿಲಿಲೀಟರಿಗೆ 100 ಯೂನಿಟ್. ಸಿರಿಂಜೂ ಎರಡು: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 12 ಕಿಲೋದ ನಾಯಿಗೆ ಕಿಲೋಗೆ ಕಾಲು ಯೂನಿಟ್‌ನಂತೆ 3 ಯೂನಿಟ್ ಬರೆದಿದ್ದಾರೆ ಎನ್ನಿ. 40ರ ಬಾಟಲಿಗೆ ಕಿತ್ತಳೆ ಸಿರಿಂಜ್ ಹಾಕಿ 3ರ ಗೆರೆಗೆ ಎಳೆದರೆ ಒಳಗೆ ಬಂದದ್ದು 1.2 ಯೂನಿಟ್. ತಿಂಗಳುಗಟ್ಟಲೆ ಕೊಟ್ಟರೂ ಸಕ್ಕರೆ ಜಗ್ಗುವುದಿಲ್ಲ. ತಿರುಗಾಮುರುಗಾ ಆಗಿ 100ರ ಬಾಟಲಿಗೆ ಕೆಂಪು ಸಿರಿಂಜ್ ಹಾಕಿದರೆ ಅದೇ 3ರ ಗೆರೆಗೆ ಏಳೂವರೆ ಯೂನಿಟ್ ಹೋಗುತ್ತದೆ, ಜೀವಕ್ಕೇ ಕುತ್ತು. ಅಂಗಡಿಯಲ್ಲಿ ‘ಇನ್ಸುಲಿನ್ ಸಿರಿಂಜ್ ಕೊಡಿ’ ಎಂದಷ್ಟೇ ಕೇಳಬೇಡಿ. ಬಾಟಲಿಯನ್ನೋ ಅದರ ಫೋಟೋವನ್ನೋ ತೋರಿಸಿ, ಅಂಕಿ ಅಂಕಿಗೆ ತಾಳೆ ನೋಡಿ ತನ್ನಿ.

ಆಮೇಲೆ ಬಾಟಲಿ. ಎನ್‌ಪಿಎಚ್ ಎಂಬ ಮಸುಕು ಬಣ್ಣದ ಬಗೆಯ ಇನ್ಸುಲಿನ್ ತಳ ಕಟ್ಟುತ್ತದೆ. ಪ್ರತಿ ಸಲವೂ ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ ಹಾಲಿನಂತೆ ಒಂದೇ ಸಮ ಆದ ಮೇಲೆಯೇ ಎಳೆಯಬೇಕು. ಇಡಬೇಕಾದ ತಾಪ 2ರಿಂದ 8 ಡಿಗ್ರಿ. ಐಸ್ ಪೆಟ್ಟಿಗೆಗೆ ತಾಗಿ ಹೆಪ್ಪುಗಟ್ಟಿದ್ದು ಕರಗಿದ ಮೇಲೂ ಕೆಲಸಕ್ಕೆ ಬಾರದು. ಏಪ್ರಿಲ್‌ನಲ್ಲಿ ಕಾರಿನೊಳಗೆ ಬಿಟ್ಟುಬಂದದ್ದೂ ಅಷ್ಟೇ.

ಮನುಷ್ಯರ ಗ್ಲೂಕೋಮೀಟರ್ ನಾಯಿಯ ರಕ್ತಕ್ಕೆ ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ನಮ್ಮ ರಕ್ತದಲ್ಲಿ ಗ್ಲೂಕೋಸಿನ ಒಳ್ಳೆಯ ಪಾಲು ಕೆಂಪುಕಣಗಳ ಒಳಗಿರುತ್ತದೆ, ನಾಯಿ ಬೆಕ್ಕುಗಳಲ್ಲಿ ಬಹುಪಾಲು ಪ್ಲಾಸ್ಮಾದಲ್ಲಿ ಇರುತ್ತದೆ. ಮೀಟರಿನ ಲೆಕ್ಕಾಚಾರ ನಮ್ಮ ರಕ್ತಕ್ಕೆ ಹೊಂದಿಸಿದ್ದು. ಆದರೂ ಒಂದೇ ಮೀಟರನ್ನು ಬಳಸುತ್ತಾ ಹೋದರೆ ಏರಿಳಿತದ ದಿಕ್ಕು ತಿಳಿಯುತ್ತದೆ. ಒಮ್ಮೆ ಲ್ಯಾಬಿನ ಪರೀಕ್ಷೆಯ ಜೊತೆಗೇ ಮನೆಯ ಮೀಟರಿನಲ್ಲೂ ನೋಡಿ ವ್ಯತ್ಯಾಸ ಬರೆದಿಟ್ಟುಕೊಳ್ಳಿ. ಎರಡು ಗಂಟೆಗೊಮ್ಮೆಯಂತೆ 12 ಗಂಟೆ ನೋಡಿದಾಗ ಅತಿ ಕೆಳಗಿನ ಅಂಕಿ 80ರಿಂದ 150ರೊಳಗೆ ಇದ್ದರೆ ಡೋಸ್ ಸರಿಯಿದೆ ಎಂದರ್ಥ. ಒಂದು ದಿನದ ಅಂಕಿ ನೋಡಿ ಡೋಸ್ ಬದಲಿಸಬೇಡಿ. ಬದಲಿಸಿದ ಡೋಸಿಗೆ ದೇಹ ಒಗ್ಗಲು ವಾರವಾದರೂ ಬೇಕು.

ಹೆಣ್ಣು ನಾಯಿಯಾದರೆ ಕೇಳಬೇಕಾದ ಮೊದಲ ಪ್ರಶ್ನೆ: ಗರ್ಭಕೋಶದ ಆಪರೇಷನ್ ಆಗಿದೆಯೇ? ಹೀಟ್ ಮುಗಿದ ಮೇಲಿನ ಎರಡು ತಿಂಗಳು ಪ್ರೊಜೆಸ್ಟರಾನ್ ಮೇಲೇರುತ್ತದೆ, ಅದರಿಂದ ಮೊಲೆಯ ಗ್ರಂಥಿಗಳು ಬೆಳವಣಿಗೆಯ ಹಾರ್ಮೋನನ್ನು ಸುರಿಸುತ್ತವೆ, ಅದು ಇನ್ಸುಲಿನ್‌ಗೆ ಅಡ್ಡ ನಿಲ್ಲುತ್ತದೆ. ಹೀಟ್ ಬಾರದಿರಲೆಂದು ಹಾಕಿಸುವ ಹಾರ್ಮೋನ್ ಇಂಜೆಕ್ಷನ್ನೂ ಇದನ್ನೇ ಮಾಡುತ್ತದೆ. ಆಪರೇಷನ್ ಬೇಗ ಆದರೆ ಡೋಸ್ ಅರ್ಧಕ್ಕಿಳಿಯುವುದುಂಟು, ಕೆಲವು ನಾಯಿಗಳಲ್ಲಿ ಕಾಯಿಲೆಯೇ ಹಿಂದೆ ಸರಿಯುವುದೂ ಉಂಟು. ಯಾವ ಎಣ್ಣೆಯೂ ಕೊಡಲಾಗದ ಫಲ ಇದು. ಇದನ್ನು ಮುಂದೂಡಿ ಎಣ್ಣೆಗೆ ದುಡ್ಡು ಸುರಿಯುವುದನ್ನು ನೋಡಿದರೆ ಸಂಕಟವಾಗುತ್ತದೆ. ತುರಿಕೆಗೆಂದು ಕೊಡುವ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್‌ಗಳೂ ಸಕ್ಕರೆ ಏರಿಸುತ್ತವೆ.

ಊಟದ ವಿಷಯಕ್ಕೆ ಬಂದರೆ, ಮಂಡ್ಯ ಮೈಸೂರಿನ ಕಡೆ ‘ರಾಗಿ ಸಕ್ಕರೆ ಕಾಯಿಲೆಗೆ ಒಳ್ಳೆಯದು’ ಎಂದು ನಾಯಿಗೂ ಎರಡು ಮುದ್ದೆ ಹಾಕುತ್ತಾರೆ. ರಾಗಿಯಲ್ಲಿ ನಾರು ಹೆಚ್ಚು ನಿಜ, ಆದರೆ ಹೆಚ್ಚಿನ ಪಾಲು ಪಿಷ್ಟವೇ. ಕೆಡುಕು ರಾಗಿಯಿಂದಲ್ಲ, ಇವತ್ತು ಒಂದು ಮುದ್ದೆ, ನಾಳೆ ಎರಡು, ಸಂಜೆ ಕಾಫಿಯ ಹೊತ್ತಿಗೆ ಒಬ್ಬೊಬ್ಬರ ಕೈಯಿಂದ ಒಂದೊಂದು ಬಿಸ್ಕತ್ತು ಎನ್ನುವುದರಿಂದ. ಇನ್ಸುಲಿನ್ ಯೂನಿಟ್ ಲೆಕ್ಕದಲ್ಲಿ ಹೋಗುವಾಗ ಊಟವೂ ಗ್ರಾಂ ಲೆಕ್ಕದಲ್ಲೇ ಇರಬೇಕು: 12 ಗಂಟೆಯ ಅಂತರದಲ್ಲಿ ಎರಡು ಸಲ, ಅದೇ ಊಟ, ಅದೇ ತೂಕ.

ಮೀಟರಿಗಿಂತಲೂ ಮುಂಚೆ ಸುದ್ದಿ ಕೊಡುವುದು ನೀರಿನ ಬಟ್ಟಲು. ಬೆಳಗ್ಗೆ ಅಳತೆ ಜಗ್ಗಿನಿಂದ ಎರಡೂವರೆ ಲೀಟರ್ ಹಾಕಿ, ಮಾರನೆಯ ಬೆಳಗ್ಗೆ ಉಳಿದದ್ದನ್ನು ಅಳೆದು ಕಳೆಯಿರಿ. 20 ಕಿಲೋದ ನಾಯಿ ದಿನಕ್ಕೆ ಒಂದು, ಒಂದೂಕಾಲು ಲೀಟರ್ ಕುಡಿದರೆ ಸಹಜ. ಎರಡು ಲೀಟರ್ ದಾಟಿದರೆ ಸಕ್ಕರೆ ಹತೋಟಿಯಲ್ಲಿಲ್ಲ. ಉಚ್ಚೆ ಹೊಯ್ದ ಜಾಗಕ್ಕೆ ಇರುವೆ ಮುತ್ತುವುದನ್ನು ನಮ್ಮ ಹಿರಿಯರು ಗುರುತು ಹಿಡಿಯುತ್ತಿದ್ದರಲ್ಲ, ಅದು ಇವತ್ತಿಗೂ ಸುಳ್ಳಲ್ಲ.

ಇಷ್ಟಾದ ಮೇಲೂ ಎಣ್ಣೆ ಕೊಡುವುದಾದರೆ

ಒಂದು ಸಂದರ್ಭವನ್ನು ನಾವು ಒಪ್ಪುತ್ತೇವೆ. ವಯಸ್ಸಾದ ಸಕ್ಕರೆ ಕಾಯಿಲೆಯ ನಾಯಿಗೆ ಕೀಲುನೋವೂ ಇದೆ, ಕಿಡ್ನಿ ಸರಿಯಿಲ್ಲದ್ದರಿಂದ ನೋವಿನ ಮಾತ್ರೆ ಕೊಡುವಂತಿಲ್ಲ, ಸ್ಟೀರಾಯ್ಡ್ ಅಂತೂ ಆಗದು. ಅಂಥಲ್ಲಿ ನೋವಿಗಾಗಿ ಸಿಬಿಡಿ ನೋಡೋಣವೇ ಎಂದು ವೈದ್ಯರನ್ನು ಕೇಳುವುದರಲ್ಲಿ ಅರ್ಥವಿದೆ. ಕೇಳುವುದು ನೋವಿಗೆ, ಸಕ್ಕರೆಗಲ್ಲ.

ಹಾಗೆ ಶುರುಮಾಡುವುದಾದರೆ ಇನ್ಸುಲಿನ್ ಡೋಸ್ ಒಂದು ಹದಕ್ಕೆ ಬಂದು ಕೆಲವು ವಾರ ಕಳೆದಿರಬೇಕು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಬ್ಯಾಚ್ ನಂಬರ್ ಇರುವ ಲ್ಯಾಬ್ ವರದಿ ಕೇಳಿ. ಅದರಲ್ಲಿ ಮಿಲಿಲೀಟರಿಗೆ ಸಿಬಿಡಿ ಎಷ್ಟು, ಟಿಎಚ್‌ಸಿ ಎಷ್ಟು, ಸೀಸ, ಕ್ಯಾಡ್ಮಿಯಂ, ಕೀಟನಾಶಕ ಎಷ್ಟು ಎಂದು ಬರೆದಿರಬೇಕು. ಈ ಗಿಡ ಮಣ್ಣಿನ ಭಾರಲೋಹವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ವರದಿ ಕೊಡದವರ ಎಣ್ಣೆ ಬೇಡ, ವಿಜಯಾ ಸಾರವೂ ಬೇಡ. ಶುರುವಿಗೆ ಮುನ್ನ ಲಿವರ್ ಪರೀಕ್ಷೆ, ನಾಲ್ಕು ವಾರದ ಮೇಲೆ ಇನ್ನೊಮ್ಮೆ. ಕಡಿಮೆ ಪ್ರಮಾಣದಿಂದ ಶುರುಮಾಡಿ ನಿಧಾನವಾಗಿ ಏರಿಸಿ. ಮೊದಲ ಡೋಸನ್ನು ಮನೆಯಲ್ಲಿ ದಿನವಿಡೀ ಯಾರಾದರೂ ಇರುವ ದಿನವೇ ಕೊಡಿ, ರಾತ್ರಿ ಮಲಗುವ ಮುಂಚೆ ಬೇಡ. ಮೊದಲ ವಾರ ಎಣ್ಣೆ ಹಾಕಿದ ಎರಡು ಗಂಟೆಗೂ ನಾಲ್ಕು ಗಂಟೆಗೂ ಸಕ್ಕರೆ ನೋಡಿ ಬರೆದಿಡಿ. ಫಿಟ್ಸ್‌ಗೆ ಫಿನೋಬಾರ್ಬಿಟೋನ್ ತೆಗೆದುಕೊಳ್ಳುತ್ತಿರುವ ನಾಯಿಯಾದರೆ ಇನ್ನೂ ಹುಷಾರು. ಔಷಧಗಳನ್ನು ಅರಗಿಸುವ ಲಿವರಿನ ಕಿಣ್ವಗಳನ್ನು ಸಿಬಿಡಿ ತಡೆಯಬಹುದು, ಮಂಪರು ಹೆಚ್ಚಬಹುದು. ಏನೇ ಆಗಲಿ, ಎಣ್ಣೆ ನಂಬಿ ಇನ್ಸುಲಿನ್‌ನಿಂದ ಅರ್ಧ ಯೂನಿಟ್ಟನ್ನೂ ನೀವಾಗಿ ಇಳಿಸಬೇಡಿ. ಇನ್ಸುಲಿನ್ ಸಾಲದ ನಾಯಿಯ ರಕ್ತದಲ್ಲಿ ಕೀಟೋನ್ ತುಂಬಿ, ಉಸಿರು ಮಾಗಿದ ಹಣ್ಣಿನ ವಾಸನೆ ಬರುವಷ್ಟರಲ್ಲಿ ಡ್ರಿಪ್ ಹಾಕಿಸಿ ಆಸ್ಪತ್ರೆಯಲ್ಲಿ ಉಳಿಸಬೇಕಾದ ಸ್ಥಿತಿ ಬಂದಿರುತ್ತದೆ.

ಬೆಕ್ಕಿನ ಕತೆ ಸ್ವಲ್ಪ ಬೇರೆ. ಅದರದು ಹೆಚ್ಚಾಗಿ ಮನುಷ್ಯರ ಟೈಪ್-2 ಹೋಲುವ ಕಾಯಿಲೆ. ಬೇಗ ಇನ್ಸುಲಿನ್ ಶುರುಮಾಡಿ, ಒಣ ಕಾಳಿನ ಆಹಾರ ಬಿಡಿಸಿ, ಪಿಷ್ಟ ಕಡಿಮೆಯಿರುವ ಮಾಂಸಾಹಾರಕ್ಕೆ ತಂದರೆ ಕೆಲವು ಬೆಕ್ಕುಗಳು ಇನ್ಸುಲಿನ್ನೇ ಬೇಡದ ಹಂತಕ್ಕೆ ಮರಳುತ್ತವೆ. ಹಾಲು ಅನ್ನದ ಮೇಲೆ ಬೆಳೆದ ಬೆಕ್ಕಿಗೆ ಈ ಬದಲಾವಣೆಯನ್ನು ವೈದ್ಯರ ಕಣ್ಗಾವಲಿನಲ್ಲೇ ಮಾಡಬೇಕು, ಏಕೆಂದರೆ ಊಟ ಬದಲಾದ ದಿನಗಳಲ್ಲೇ ಇನ್ಸುಲಿನ್ ಅಗತ್ಯ ಕುಸಿಯುತ್ತದೆ. ಅಮೆರಿಕದಲ್ಲಿ ಬೆಕ್ಕಿನ ಮಧುಮೇಹಕ್ಕೆ ಬಾಯಿಂದ ಕೊಡುವ ಎರಡು ಔಷಧಗಳಿಗೆ, 2022ರಲ್ಲಿ ಬೆಕ್ಸಾಗ್ಲಿಫ್ಲೋಜಿನ್‌ಗೆ, 2023ರಲ್ಲಿ ವೆಲಾಗ್ಲಿಫ್ಲೋಜಿನ್‌ಗೆ ಅನುಮತಿ ಸಿಕ್ಕಿತು, ಬೆಕ್ಕುಗಳ ಮೇಲೇ ಪ್ರಯೋಗ ನಡೆಸಿದ ಮೇಲೆ. ಸಿಬಿಡಿ ಅಂಥ ಪರೀಕ್ಷೆಯನ್ನು ದಾಟಿ ಬಂದಿಲ್ಲ. ಅನೇಕ ಔಷಧಗಳನ್ನು ಅರಗಿಸುವುದರಲ್ಲಿ ಬೆಕ್ಕಿನ ಲಿವರ್ ನಿಧಾನ. ಎಣ್ಣೆಗೆ ಪರಿಮಳಕ್ಕೆಂದು ಸೇರಿಸುವ ನಿಂಬೆ, ಪುದೀನ ಸಾರಗಳೂ ಅದಕ್ಕೆ ಆಗಿಬರುವುದಿಲ್ಲ.

ಕುದುರೆಗೆ ಬರುವುದು ಬೇರೆಯೇ ಕಾಯಿಲೆ

ಕುದುರೆಗೆ ‘ಡಯಾಬಿಟಿಸ್’ ಎಂದು ಹೇಳಿ ಎಣ್ಣೆ ಮಾರುವವರು ಕಾಯಿಲೆಯ ಹೆಸರನ್ನೇ ತಪ್ಪು ಹೇಳುತ್ತಿದ್ದಾರೆ. ನಾಯಿಯಲ್ಲಿ ಇನ್ಸುಲಿನ್ ಇಲ್ಲ, ಸಕ್ಕರೆ ಏರಿದೆ. ಕುದುರೆಯಲ್ಲಿ ಸಾಮಾನ್ಯವಾಗಿ ಇನ್ಸುಲಿನ್ನೇ ವಿಪರೀತ ಏರಿರುತ್ತದೆ, ಸಕ್ಕರೆ ಹೆಚ್ಚೂಕಡಿಮೆ ಸರಿಯಾಗೇ ಇರುತ್ತದೆ. ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ನಿಜವಾದ ಮಧುಮೇಹ ಕುದುರೆಯಲ್ಲಿ ಅಪರೂಪ. ಆದ್ದರಿಂದ ಗ್ಲೂಕೋಮೀಟರ್ ಹಿಡಿದು ನೋಡಿದರೆ ಏನೂ ಸಿಗದು, ರಕ್ತದಲ್ಲಿ ಇನ್ಸುಲಿನ್ ಅಳೆಯಬೇಕು. ಮನುಷ್ಯರ ಇನ್ಸುಲಿನ್‌ಗೆ ಮಾಡಿದ ಕಿಟ್‌ಗಳಲ್ಲಿ ಕೆಲವು ಕುದುರೆಯದನ್ನು ಸರಿಯಾಗಿ ಹಿಡಿಯುವುದಿಲ್ಲ. ಲ್ಯಾಬಿಗೆ ಕಳಿಸುವ ಮುನ್ನ ಇದನ್ನು ಕೇಳಿಕೊಳ್ಳಬೇಕು.

ಏರಿದ ಇನ್ಸುಲಿನ್ ಕುದುರೆಯನ್ನು ಹೊಡೆಯುವುದು ಗೊರಸಿನಲ್ಲಿ. ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಹಿಡಿದಿಟ್ಟ ಪದರಗಳು ಸಡಿಲವಾಗಿ, ಕುದುರೆಯ ಭಾರಕ್ಕೆ ಮೂಳೆ ಕೆಳಗೆ ಜಾರುತ್ತದೆ. ಲ್ಯಾಮಿನೈಟಿಸ್ ಎಂದರೆ ಇದು. ಮುಂಗಾಲು ಮುಂದಕ್ಕೆ ಚಾಚಿ ಹಿಂಗಾಲಿನ ಮೇಲೆ ಭಾರ ಹಾಕಿ ನಿಲ್ಲುವುದು, ತಿರುಗಲು ಒಪ್ಪದಿರುವುದು, ಗಟ್ಟಿ ನೆಲದ ಮೇಲೆ ಮೊಟ್ಟೆ ತುಳಿದಂತೆ ಹೆಜ್ಜೆ ಇಡುವುದು ಇದರ ಗುರುತು.

ಮೈಸೂರಿನಲ್ಲಿ ದಿನವೂ ಓಡುವ ಟಾಂಗಾ ಕುದುರೆಗೆ ಇದು ಕಡಿಮೆ. ದುಡಿತ ಇನ್ಸುಲಿನ್‌ನ್ನು ಹತೋಟಿಯಲ್ಲಿಡುತ್ತದೆ. ಅಪಾಯ ಇರುವುದು ಓಟ ಬಿಟ್ಟು ತೋಟದ ಮನೆ ಸೇರಿ ಮೈಬಂದ ಕುದುರೆಗೆ, ಮಕ್ಕಳ ಸವಾರಿಗೆಂದು ಸಾಕಿದ ಪೋನಿಗೆ. ಕತ್ತಿನ ಮೇಲಂಚು ಗಟ್ಟಿಯಾಗಿ ಉಬ್ಬಿದ್ದರೆ, ಬಾಲದ ಬುಡದಲ್ಲಿ ಕೊಬ್ಬಿನ ಮೆತ್ತೆ ಕೈಗೆ ಸಿಕ್ಕರೆ ಅನುಮಾನ ಪಡಬೇಕು. ಅದರ ಮೇಲೆ ಇದು ಕಬ್ಬಿನ ಸೀಮೆ. ಆಲೆಮನೆ ಹತ್ತಿರವೇ ಇರುತ್ತದೆ, ಬಂದವರೆಲ್ಲ ಪ್ರೀತಿಯಿಂದ ಬೆಲ್ಲದ ಚೂರು ತಿನ್ನಿಸುತ್ತಾರೆ, ಕಬ್ಬಿನ ತುದಿ ಕತ್ತರಿಸಿ ಹಾಕುತ್ತಾರೆ, ಬೂಸಾಕ್ಕೆ ಕಾಕಂಬಿ ಕಲಸುತ್ತಾರೆ. ಇಂಥ ಕುದುರೆಗೆ ಈ ಮೂರೂ ನಿಲ್ಲಬೇಕು, ಹುರುಳಿ ಬೂಸಾಗಳೂ ವೈದ್ಯರು ಹೇಳಿದಷ್ಟೇ.

400 ಕಿಲೋದ ಕುದುರೆಗೆ ದೇಹತೂಕದ ಶೇ 1.5ರಂತೆ ದಿನಕ್ಕೆ 6 ಕಿಲೋ ಒಣಹುಲ್ಲು, ತೂಗಿ. ಹುಲ್ಲನ್ನು ತಣ್ಣೀರಿನಲ್ಲಿ ಅರ್ಧದಿಂದ ಒಂದು ಗಂಟೆ ನೆನೆಸಿ, ನೀರು ಬಸಿದು ಕೊಟ್ಟರೆ ಸಕ್ಕರೆಯ ಅಂಶ ಒಂದಿಷ್ಟು ಇಳಿಯುತ್ತದೆ. ಬಸಿದ ನೀರನ್ನು ಕುದುರೆಗೆ ಸಿಗದಂತೆ ಚೆಲ್ಲಿ. ನಮ್ಮ ಬಿಸಿಲಿಗೆ ಹೆಚ್ಚು ಹೊತ್ತು ನೆನೆದರೆ ಹುಲ್ಲು ಹುಳಿಯುತ್ತದೆ. ಮಂಡ್ಯದಲ್ಲಿ ಸುಲಭವಾಗಿ ಸಿಗುತ್ತದೆಂದು ಬರೀ ಭತ್ತದ ಹುಲ್ಲಿಗೆ ಇಳಿಸಬೇಡಿ, ಕರುಳಿನಲ್ಲಿ ಗಂಟುಕಟ್ಟಿ ಹೊಟ್ಟೆನೋವು ಬರುತ್ತದೆ. ಏಕಾಏಕಿ ಮೇವು ನಿಲ್ಲಿಸಿ ಉಪವಾಸ ಕೆಡವುವುದೂ ತಪ್ಪು, ರಕ್ತದಲ್ಲಿ ಕೊಬ್ಬು ಏರಿ ಲಿವರ್ ಕೆಡುತ್ತದೆ.

ಹದಿನೈದು ದಾಟಿದ ಕುದುರೆಯ ಮೈಮೇಲೆ ಬೇಸಿಗೆಯಲ್ಲೂ ಉದ್ದ ಗುಂಗುರು ಕೂದಲು ಉದುರದೆ ಉಳಿದಿದ್ದರೆ ಅದು ಪಿಟ್ಯುಟರಿ ಗ್ರಂಥಿಯ ಕಾಯಿಲೆ. ಅದಕ್ಕೆ ಪರ್ಗೊಲೈಡ್ ಎಂಬ ಔಷಧವಿದೆ, ಸಾಮಾನ್ಯವಾಗಿ ದಿನಕ್ಕೆ ಕಿಲೋಗೆ 2 ಮೈಕ್ರೋಗ್ರಾಂನಿಂದ ಆರಂಭ. ಸಿಬಿಡಿಯ ಲೆಕ್ಕವನ್ನೂ ಇದರ ಪಕ್ಕದಲ್ಲೇ ಇಟ್ಟು ನೋಡಿ: ನಾಯಿಯ ಪ್ರಯೋಗದ ಪ್ರಮಾಣದಲ್ಲೇ ಕೊಟ್ಟರೂ 400 ಕಿಲೋದ ಕುದುರೆಗೆ ಹೊತ್ತಿಗೆ 800 ಮಿಲಿಗ್ರಾಂ, ಅಂದರೆ ಆ 300 ಮಿಲಿಗ್ರಾಂ ಬಾಟಲಿ ಎರಡೂವರೆಗೂ ಹೆಚ್ಚು, ಒಂದೇ ಹೊತ್ತಿಗೆ. ಸ್ಪರ್ಧೆಗೆ ಇಳಿಸುವ ಕುದುರೆಯಾದರೆ ಆ ಮಾತೇ ಬೇಡ. ಅಮೆರಿಕದ ಕುದುರೆ ಸವಾರಿ ಒಕ್ಕೂಟ 2019ರ ಸೆಪ್ಟೆಂಬರ್ 1ರಿಂದ ಸಿಬಿಡಿಯನ್ನು ನಿಷೇಧಿತ ಪಟ್ಟಿಗೆ ಸೇರಿಸಿದೆ, ನರಮಂಡಲದ ಮೇಲೆ ಕೆಲಸ ಮಾಡುವ ವಸ್ತುಗಳನ್ನು ರೇಸಿನ ನಿಯಮಗಳೂ ಒಪ್ಪುವುದಿಲ್ಲ.

ಲಾಯಕ್ಕೆ ಹೋದಾಗ ದಿನವೂ ಬೆಳಗ್ಗೆ ಮುಂಗಾಲಿನ ಗೊರಸಿನ ಮೇಲಿನ ಗಂಟಿನ ಹಿಂಬದಿಯಲ್ಲಿ, ಎರಡೂ ಪಕ್ಕದ ತಗ್ಗಿನಲ್ಲಿ ಬೆರಳಿಟ್ಟು ನಾಡಿ ನೋಡಿ. ಆರೋಗ್ಯವಂತ ಕುದುರೆಯಲ್ಲಿ ಅದು ಹುಡುಕಿದರೂ ಸರಿಯಾಗಿ ಸಿಗುವುದಿಲ್ಲ. ಬೆರಳಿಟ್ಟ ಕೂಡಲೇ ಟಕಟಕನೆ ಬಡಿಯುತ್ತಿದ್ದರೆ, ಗೊರಸು ಅಂಗೈಗೆ ಬಿಸಿ ಹತ್ತಿದರೆ, ಕುದುರೆಯನ್ನು ನಡೆಸಬೇಡಿ. ಮೆತ್ತನೆ ಮರಳೋ ದಪ್ಪ ಹುಲ್ಲಿನ ಹಾಸೋ ಮಾಡಿ ನಿಲ್ಲಿಸಿ, ಬಕೆಟ್ಟಿನಲ್ಲಿ ಐಸ್ ನೀರು ತುಂಬಿ ಗೊರಸು ಮುಳುಗುವಂತೆ ಕಾಲಿಡಿಸಿ, ಪಶುವೈದ್ಯರಿಗೂ ಲಾಳ ಕಟ್ಟುವವರಿಗೂ ಅವತ್ತೇ ಫೋನ್ ಮಾಡಿ.